ಸಾಸಿವೆ ಡಬ್ಬಿಯ ಪ್ಲಗ್ಗು

ನಿಮ್ಮ ಮನೆಯ ಒಗ್ಗರಣೆ ಡಬ್ಬಿಯಲ್ಲಿ ಏನೇನಿರುತ್ತೆ, ಹೇಳಿ ನೋಡೋಣ. ಸಾಸಿವೆ, ಜೀರಿಗೆ, ಮೆಂತ್ಯ, ಒಂದು ಹಿಡಿ ಉದ್ದಿನಬೇಳೆ. ಬಹಳ ಅಂದ್ರೆ ಕಳೆದುಹೋದೀತು ಅಂತ ಹಾಕಿಟ್ಟ ಒಂದು ಸೇಫ್ಟಿ ಪಿನ್ನು. ನಮ್ಮ ಮನೆಯ ಸಾಸಿವೆ ಡಬ್ಬಿಯಲ್ಲಿ ಸ್ಕೂಟರಿನ ಪ್ಲಗ್ಗು ಇರುತ್ತೆ. ಹಳೇ ಪಂಚೆಯ ಚೂರಿನಲ್ಲಿ ಸುತ್ತಿ, ಸಾಸಿವೆಯೊಳಗೆ ಅರ್ಧ ಹೂತಿಟ್ಟಿರುತ್ತೀವಿ. ಗಾಡಿಯಲ್ಲಿರೋದು ಕೈಕೊಟ್ಟರೆ ಹಾಕೋಕೆ ಇದು, ತೇವ ತಾಗಬಾರದು, ಅದಕ್ಕೆ. ನನ್ನ ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ ಒಗ್ಗರಣೆಗೆ ಅಂತ ಕೈಹಾಕಿ, ಈ ಬಟ್ಟೆಗಂಟು ಸಿಕ್ಕಿ, ಯಾರೋ ಮಾಟ ಮಾಡಿಸಿದಾರೆ ಅಂದುಕೊಂಡು ಎರಡು ದಿನ ಅಡುಗೆಮನೆಗೆ ಕಾಲಿಡಲಿಲ್ಲ. ಈಗ ಅವಳೇ ಡಬ್ಬಿ ತುಂಬಿಸುವಾಗ ಗಂಟು ತೆಗೆದು, ಒರೆಸಿ, ವಾಪಸ್ ಮಲಗಿಸ್ತಾಳೆ.

ಇವತ್ತು ಆ ಪ್ಲಗ್ಗಿನ ಮಾತು ಯಾಕೆ ಬಂತು ಅಂದ್ರೆ, ಇವತ್ತು ನನಗಾಗಿರೋ ಸಂತೋಷ ಸಾಮಾನ್ಯದ್ದಲ್ಲ. ಮಧ್ಯಾಹ್ನದ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆ, ಯಾರೂ ಬೈಯಲಿಲ್ಲ. ಅದನ್ನ ಹೇಳಬೇಕು ಅಂತಲೇ ಕೂತೆ. ಆದರೆ ನನ್ನ ಕೈಲಿ ನೇರ ವಿಷಯಕ್ಕೆ ಬರೋಕಾಗಲ್ಲ. ಯಲಹಂಕದಿಂದ ಹೆಬ್ಬಾಳಕ್ಕೆ ಹೋಗು ಅಂದ್ರೆ ದೊಡ್ಡಬಳ್ಳಾಪುರ ಸುತ್ತಿ ಬರೋಳು ನಾನು ಅಂತ ನಮ್ಮೆಜಮಾನರು ಆಡಿಕೊಳ್ತಾರೆ. ಸ್ವಲ್ಪ ಸುತ್ತಿಕೊಂಡೇ ಹೋಗೋಣ, ಬನ್ನಿ.

ಗಂಡನ ಹೆಸರು ಹೇಳಬಾರದು ಅಂತ ನಮ್ಮಮ್ಮ ಕಲಿಸಿದ್ದಳು. ಬರೆಯಬಾರದು ಅಂತ ಹೇಳಿರಲಿಲ್ಲ, ಆದ್ದರಿಂದ ಬರೀತೀನಿ: ನಂಜಪ್ಪ. ಯಲಹಂಕ ಹಳೇ ಊರಿನ ಒಂದು ಬೇಕರಿಯಿಂದ ಸುತ್ತಮುತ್ತಲ ಹಳ್ಳಿ ಅಂಗಡಿಗಳಿಗೆ ಬನ್ನು, ಬ್ರೆಡ್ಡು, ರಸ್ಕು ಹಾಕೋದು ಅವರ ಕೆಲಸ. ಮೊದಲು ಸೈಕಲ್ಲು. ಮಗ ನನ್ನ ಹೊಟ್ಟೆಯಲ್ಲಿದ್ದಾಗ ಯಾರೋ ಓಡಿಸಿ ಬಿಟ್ಟಿದ್ದ ಒಂದು ಸ್ಕೂಟರ್ ತಂದರು. ಪೆಟ್ರೋಲಿಗೆ ಆಯಿಲ್ ಬೆರೆಸಿ ಕುಡಿಸಬೇಕಾದ ಹಳೇ ಕಾಲದ ಗಾಡಿ. ಹಿಂದಿನ ಸೀಟು ಕಿತ್ತು ತಗಡಿನ ಪೆಟ್ಟಿಗೆ ಕೂರಿಸಿದರು. ಬೆಳಿಗ್ಗೆ ಹೊರಟರೆ ರಾಜಾನುಕುಂಟೆಯವರೆಗೂ ದಾರಿಗೆಲ್ಲ ಬಿಸಿ ಬನ್ನಿನ ವಾಸನೆ ಚೆಲ್ಲಿಕೊಂಡು ಹೋಗೋರು. ಅದರ ಹಿಂದೆಯೇ ನೀಲಿ ಹೊಗೆ. ಇವತ್ತಿಗೂ ನನಗೆ ಬನ್ನು ಕಚ್ಚಿದರೆ ಪೆಟ್ರೋಲಿನ ನೆನಪು, ಪೆಟ್ರೋಲ್ ಬಂಕಿನ ಪಕ್ಕ ಹಾದರೆ ಹಸಿವು.

ಆ ಗಾಡಿ ಸ್ಟಾರ್ಟ್ ಮಾಡೋದೇ ಒಂದು ನೋಟ. ಒಂದು ಕಡೆ ವಾಲಿಸಿ, ಮಗುವಿಗೆ ಔಷಧಿ ಕುಡಿಸೋ ಹಾಗೆ ಒಂದು ಗಳಿಗೆ ಹಿಡಿದು, ನೆಟ್ಟಗೆ ಮಾಡಿ, ಪಂಚೆ ಎತ್ತಿ ಕಟ್ಟಿ, ಕಿಕ್ಕರ್ ಮೇಲೆ ಕಾಲಿಟ್ಟು ಒದೆಯೋರು. ಒಂದು, ಎರಡು, ಮೂರು. ನಾಲ್ಕಕ್ಕೆ ಬರಲಿಲ್ಲ ಅಂದ್ರೆ ಪ್ಲಗ್ಗು ಕೈಕೊಟ್ಟಿದೆ ಅಂತಲೇ ಅರ್ಥ.

ಪ್ಲಗ್ಗು ಗೊತ್ತಿಲ್ಲದವರಿಗೆ ಹೇಳ್ತೀನಿ. ಗ್ಯಾಸ್ ಒಲೆ ಹಚ್ಚೋಕೆ ಲೈಟರ್ ಒತ್ತಿದರೆ ಟಿಕ್ ಅಂತ ಕಿಡಿ ಹಾರುತ್ತಲ್ಲ, ಸ್ಕೂಟರಿನ ಹೊಟ್ಟೆಯೊಳಗೆ ಆ ಕೆಲಸ ಮಾಡೋದು ಇದು. ಹೆಬ್ಬೆರಳಿನಷ್ಟು ಉದ್ದ. ಕೆಳಗೆ ತಿರುಪಿರೋ ಕಬ್ಬಿಣ, ಮೇಲೆ ಬಿಳೀ ಪಿಂಗಾಣಿ, ತುದಿಯಲ್ಲಿ ಬೆಕ್ಕಿನ ಉಗುರಿನ ಹಾಗೆ ಬಾಗಿದ ಒಂದು ಕಡ್ಡಿ. ಆ ಉಗುರಿನ ಸಂದಿಯಲ್ಲಿ ಕಿಡಿ ಹಾರಬೇಕು. ಎಣ್ಣೆ ಕುಡಿಯೋ ಗಾಡಿಯಾದ್ದರಿಂದ ಅಲ್ಲಿ ಮಸಿ ಕಟ್ಟುತ್ತೆ. ಮಸಿ ಕಟ್ಟಿದರೆ ಕಿಡಿ ಇಲ್ಲ, ಕಿಡಿ ಇಲ್ಲದಿದ್ದರೆ ಗಾಡಿ ಇಲ್ಲ, ಗಾಡಿ ಇಲ್ಲದಿದ್ದರೆ ರಾಜಾನುಕುಂಟೆಯಲ್ಲಿ ಟೀ ಜೊತೆಗೆ ಬನ್ನಿಲ್ಲ.

ಈಗಿನವರಾದರೆ ಪ್ಲಗ್ಗು ಬಿಸಾಕಿ ಹೊಸದು ಹಾಕ್ತಾರೆ. ನಮ್ಮ ಕಾಲದಲ್ಲಿ ಬಿಸಾಕೋದು ಅನ್ನೋ ಮಾತೇ ಇರಲಿಲ್ಲ. ತೂತಾದ ಕೊಡಕ್ಕೆ ಬೆಸುಗೆ, ಹಿತ್ತಾಳೆ ಪಾತ್ರೆಗೆ ಕಲಾಯಿ, ಕಿತ್ತ ಚಪ್ಪಲಿಗೆ ಹೊಲಿಗೆ. ನನ್ನ ಒಂದು ಸೀರೆ ಮೊದಲು ಸೀರೆಯಾಗಿ, ಆಮೇಲೆ ಮಗನ ತೊಟ್ಟಿಲಾಗಿ, ಆಮೇಲೆ ಕಿಟಕಿಯ ಪರದೆಯಾಗಿ, ಕೊನೆಗೆ ಇದೇ ಗಾಡಿ ಒರೆಸೋ ಬಟ್ಟೆಯಾಗಿ ಸತ್ತಿತು. ಅಂಥ ಮನೆಯಲ್ಲಿ ಪ್ಲಗ್ಗು ಬದಲಾಯಿಸೋದುಂಟೆ? ತೊಳೆಯೋದು, ಉಜ್ಜೋದು, ಸುಡೋದು.

ಸುಡೋದು ನನ್ನ ಪಾಲಿಗೆ ಬಂದ ಕೆಲಸ. ಮಧ್ಯಾಹ್ನ ಅಂಗಡಿಗಳ ಲೈನು ಮುಗಿಸಿ ಬಂದು, "ಲೇ, ಇದನ್ನ ಒಲೆಗೆ ಆಕು" ಅಂತ ಪ್ಲಗ್ಗು ಕೈಗಿಟ್ಟು ಮಲಗಿಬಿಡೋರು. ಒಂದು ಕಡೆ ಮುದ್ದೆಗೆ ಎಸರು ಕುದೀತಿದ್ರೆ, ಅದರ ಕೆಳಗೆ ಕೆಂಡದಲ್ಲಿ ಪ್ಲಗ್ಗು. ಎಣ್ಣೆಮಸಿ ಸುಟ್ಟು ಬೂದಿಯಾಗಿ, ತುದಿ ಕೆಂಪಗಾಗೋವರೆಗೂ ಬಿಟ್ಟು, ಇಕ್ಕಳದಲ್ಲಿ ಎತ್ತಿ ತೆಗೀತಿದ್ದೆ. ಆಮೇಲೆ ಹಳೇ ಬ್ರಷ್ಷಿನಲ್ಲಿ ಉಜ್ಜಿ ಇಟ್ಟರೆ ಹೊಳೆಯೋದು. ನಿದ್ದೆಯಿಂದ ಎದ್ದು ಬಂದು ಅದನ್ನ ಬೆಳಕಿಗೆ ಹಿಡಿದು ನೋಡೋರು. "ಬೇಕರೀಲಿ ಯಾರ್ ಗಾಡಿ ಪ್ಲಗ್ಗೂ ಇಂಗೆ ಒಳೆಯಲ್ಲ" ಅನ್ನೋರು. ನಾನು ಹಾಡಿದ್ದನ್ನಾಗಲಿ, ಉಟ್ಟಿದ್ದನ್ನಾಗಲಿ ಹೊಗಳಿದವರಲ್ಲ ಅವರು. ನಾನು ಸುಟ್ಟ ಪ್ಲಗ್ಗನ್ನ ಹೊಗಳಿದರು. ನನಗೆ ಅಷ್ಟೇ ಸಾಕಾಗಿತ್ತು.

ಆ ಕೆಲಸ ನನಗೆ ಹೊಸದಲ್ಲ. ನಮ್ಮಪ್ಪನದು ರಾಜಾನುಕುಂಟೆಯ ಹತ್ತಿರ ಕುಲುಮೆ. ಕುಡುಗೋಲು, ಗುದ್ದಲಿ, ನೇಗಿಲ ಗುಳ ಮಾಡೋರು. ತಿದಿ ಒತ್ತೋದಕ್ಕೆ ಮನೆಯಲ್ಲಿ ನಾನೊಬ್ಬಳೇ ಇದ್ದದ್ದರಿಂದ ನಾಲ್ಕನೇ ಕ್ಲಾಸಿಗೆ ನನ್ನ ಸ್ಕೂಲು ಮುಗಿಯಿತು. ನನಗೇನೂ ಬೇಜಾರಿಲ್ಲ. ಸ್ಕೂಲಿನಲ್ಲಿ ಮೇಷ್ಟ್ರು ಬೈಯೋರು, ಕುಲುಮೆಯಲ್ಲಿ ಕೆಂಡ ಹಾಡೋದು. ಅಪ್ಪ ಕಾದ ಕುಡುಗೋಲನ್ನ ಬಡಿದು ಬಡಿದು, ಹದ ನೋಡಿ, ಕಲ್ಲುಬಾನಿಯ ನೀರಿಗೆ ಅದ್ದೋರು. ಚುಂಯ್ ಅಂತ ಆವಿ ಏಳೋದು. "ನೀರು ಕುಡಿದ್ರೇನೇ ಕಬ್ಬಿಣಕ್ಕೆ ಜೀವ ಬರೋದು ಮಗಳೇ, ಇಲ್ಲಾಂದ್ರೆ ಮೆತ್ತಗೆ ಹುಲ್ಲಿಗೇ ಬಾಗೋಗ್ತೈತೆ" ಅನ್ನೋರು. ಅಪ್ಪನ ಮುಖ ಈಗ ಮಸುಕು ಮಸುಕು. ಆ ಚುಂಯ್ ಮಾತ್ರ ಕಿವಿಯಲ್ಲಿ ಹಾಗೇ ಇದೆ.

ಗಾಡಿಯ ಜೊತೆ ನನಗೆ ಇನ್ನೂ ಒಂದು ನಂಟು ಇತ್ತು. ಪ್ಲಗ್ಗು ಸರಿಯಿದೆಯಾ ಅಂತ ನೋಡೋಕೆ ಅದನ್ನ ಹೊರಗೆ ತೆಗೆದು, ವೈರಿಗೆ ಸಿಗಿಸಿ, ಇಂಜಿನ್ನಿಗೆ ತಾಗಿಸಿ ಹಿಡಿದು ಕಿಕ್ ಮಾಡಬೇಕು. ನೀಲಿ ಕಿಡಿ ಕಂಡರೆ ಸರಿ ಅಂತ. ಹಿಡಿಯೋದಕ್ಕೆ ಒಬ್ಬರು, ಒದೆಯೋದಕ್ಕೆ ಒಬ್ಬರು. ಮೊದಲ ಸಲ "ಇಡ್ಕೊ" ಅಂದ್ರು, ಹಿಡ್ಕೊಂಡೆ. ಎಲ್ಲಿ ಹಿಡ್ಕೋಬೇಕು ಅಂತ ಹೇಳಲಿಲ್ಲ. ಒದ್ದರು ನೋಡಿ, ಮೊಳಕೈವರೆಗೂ ಯಾರೋ ಹುಣಸೆ ಬರಲಿನಲ್ಲಿ ಬಾರಿಸಿದ ಹಾಗಾಯ್ತು. ನಾನು ಕಿರುಚಿದ್ದಕ್ಕೆ ಬೀದಿಯವರೆಲ್ಲ ಬಂದರು. ಇವರು ಮಾತ್ರ ಖುಷಿಯಾಗಿ, "ಕಿಡಿ ಐತೆ, ಕಿಡಿ ಐತೆ!" ಅಂತ ಕುಣೀತಿದ್ರು.

ಇಷ್ಟೆಲ್ಲ ಆರೈಕೆ ಮಾಡಿದರೂ ಗಾಡಿ ಮಾತ್ರ ಎಲ್ಲೆಂದರಲ್ಲಿ ನಿಲ್ಲೋದು. ಸುಟ್ಟು ಹೊಳೆಯೋ ಹಾಗೆ ಮಾಡಿ ಹಾಕಿದ ಪ್ಲಗ್ಗು ಒಂದು ವಾರ ಓಡೋದು, ಆಮೇಲೆ ಕೆಮ್ಮೋದು. ರಾಜಾನುಕುಂಟೆಯ ಏರಿನಲ್ಲಿ ಒಂದು ಸಲ ಹೀಗೆ ನಿಂತು, ಇವರು ಬೆವರಿಳಿಸಿಕೊಂಡು ಒದೀತಿದ್ದಾಗ, ಸ್ಕೂಲಿಗೆ ಹೊರಟ ಹುಡುಗರು ತಳ್ಳಿಕೊಡ್ತೀವಿ ಅಂತ ಬಂದವಂತೆ. ಮೇಲೆ ಹತ್ತಿಸಿ ಪೆಟ್ಟಿಗೆ ತೆಗೆದು ನೋಡಿದರೆ ಖಾರಾ ಬನ್ನು ಒಂದೂ ಇಲ್ಲ. ತಳ್ಳುತ್ತಲೇ ತಿಂದು ಮುಗಿಸಿದ್ದವು. ಇವರು ಪೆಟ್ರೋಲ್ ಬಂಕಿನವರನ್ನ ಬೈದರು, ರಸ್ತೆ ಹಾಕಿದವರನ್ನ ಬೈದರು, ಎದುರಿಗೆ ಬಂದ ಬೆಕ್ಕನ್ನ ಬೈದರು. ದೃಷ್ಟಿಯಾಗಿದೆ ಅಂತ ಹ್ಯಾಂಡಲ್ಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸಿದರು. ನಿಂಬೆಹಣ್ಣು ಒಣಗಿತು, ಗಾಡಿ ನಿಲ್ಲೋದು ನಿಲ್ಲಲಿಲ್ಲ. ಆದರೂ ಹೊಸ ಪ್ಲಗ್ಗಿಗೆ ಮನಸ್ಸು ಮಾಡೋರಲ್ಲ. ತೀರಾ ಸತ್ತೇಹೋದಾಗ ಇನ್ನೊಂದು ತರೋರು, ಅದನ್ನೂ ನಾನು ಸುಡೋದು.

ಈಗ ಇವರಿಗೆ ಎಪ್ಪತ್ತೈದು ದಾಟಿದೆ. ಬನ್ನಿನ ಲೈನು ಬಿಟ್ಟು ಎಷ್ಟೋ ಕಾಲವಾಯಿತು. ತಗಡಿನ ಪೆಟ್ಟಿಗೆ ತೆಗೆದು ಸೀಟು ವಾಪಸ್ ಬಂದಿದೆ. ಗಾಡಿಯನ್ನ ಭಾನುವಾರ ಬೆಳಿಗ್ಗೆ ಹೊರಗೆ ತಂದು, ಒರೆಸಿ, ಸ್ಟಾರ್ಟ್ ಮಾಡಿ, ಬೀದಿಯ ಕೊನೆಯವರೆಗೆ ಹೋಗಿ ಬರ್ತಾರೆ. ಬೇರೆಯವರು ದೇವರ ಪಟ ಒರೆಸ್ತಾರಲ್ಲ, ಹಾಗೆ. ಅದನ್ನ ಮುಟ್ಟೋ ಹಕ್ಕು ಮನೆಯಲ್ಲಿ ಯಾರಿಗೂ ಇಲ್ಲ, ಮಗನಿಗೂ ಇಲ್ಲ. ನನಗೆ ಪ್ಲಗ್ಗು ಸುಡುವಷ್ಟು ಮಾತ್ರ.

ಈಗ ನನ್ನ ಮೊಮ್ಮಗಳ ವಿಷಯಕ್ಕೆ ಬರ್ತೀನಿ. ಮಗನ ಮಗಳು, ಸಿಂಧು. ಚಿಕ್ಕವಳಿದ್ದಾಗಿನಿಂದ ಬೊಂಬೆ ಬೇಡ, ತಿರುಪು ಬೇಕು ಅನ್ನೋಳು. ಮಿಕ್ಸಿ ಬಿಚ್ಚಿದಳು, ಗಡಿಯಾರ ಬಿಚ್ಚಿದಳು, ಅವರಮ್ಮನ ಹೊಲಿಗೆ ಮಿಷನ್ ಬಿಚ್ಚಿ ಒದೆ ತಿಂದಳು. ಹತ್ತನೇ ಕ್ಲಾಸು ಮುಗಿಸಿ ಐಟಿಐನಲ್ಲಿ ಮೆಕ್ಯಾನಿಕ್ ಕೋರ್ಸು ಸೇರ್ತೀನಿ ಅಂದಾಗ ಮನೆಯಲ್ಲಿ ಅವಳ ಪರ ಇದ್ದದ್ದು ನಾನೊಬ್ಬಳೇ. ತಿದಿ ಒತ್ತಿದವಳಿಗಲ್ಲದೆ ಅದು ಇನ್ಯಾರಿಗೆ ಅರ್ಥವಾಗಬೇಕು? ಇವರು ಮಾತ್ರ, "ಎಣ್ಣುಡ್ಗಿ ಕೈಗೆ ಗ್ರೀಸಾ?" ಅಂದವರು ಆಮೇಲೆ ಆ ಮಾತೇ ಎತ್ತಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕೋರ್ಸು ಮುಗಿಸಿ ವಿದ್ಯಾರಣ್ಯಪುರದ ಒಂದು ಸರ್ವೀಸ್ ಸೆಂಟರಿನಲ್ಲಿ ಕೆಲಸಕ್ಕೆ ಸೇರಿದಾಗ ಬೀದಿಗೆಲ್ಲ ನಾನು ಸಿಹಿ ಹಂಚಿದೆ. ಯಾರಾದರೂ "ಮೊಮ್ಮಗಳು ಏನ್ ಮಾಡ್ತಾಳೆ ನಂಜಪ್ಪಣ್ಣ?" ಅಂತ ಕೇಳಿದರೆ ಇವರು, "ಕಂಪ್ನಿ ಕೆಲಸ" ಅಂದು ಬೇರೆ ಮಾತಿಗೆ ಹೊರಳೋರು. ಒಂದು ದಿನ ಅವಳು ಬಾಗಿಲಲ್ಲೇ ನಿಂತು ಅದನ್ನ ಕೇಳಿಸಿಕೊಂಡಳು. ಒಳಗೆ ಹೋಗಿ ಉಗುರಿನ ಸಂದಿಯ ಕಪ್ಪನ್ನ ಬಹಳ ಹೊತ್ತು ತಿಕ್ಕಿದಳು.

ಅವಳು ಒಮ್ಮೆ ನನ್ನ ಹತ್ತಿರ ಹೇಳಿದ್ದಳು, "ಅಜ್ಜಿ, ಅಲ್ಲಿ ದಿನಾ ಹತ್ತಾರು ಗಾಡಿ ಬಿಚ್ತೀನಿ. ತಾತನ ಗಾಡಿ ಒಂದ್ ಸಲ ಬಿಚ್ಚೋಕ್ ಬಿಟ್ರೆ ಸಾಕು ನಂಗೆ. ಆಮೇಲೆ ಯಾರ್ ಏನಂದ್ರೂ ಪರ್ವಾಗಿಲ್ಲ."

ಅವಳು ಕೇಳದೇ ಇರಲಿಲ್ಲ. ಕೇಳಿದಾಗೆಲ್ಲ ತಾತನಿಗೂ ಅವಳಿಗೂ ತೊಳೆಯೋದಾ, ಬದಲಾಯಿಸೋದಾ ಅಂತ ಜಗಳ.

"ತೊಳುದ್ರೆ ಒಸದೇ. ನಿಮ್ ಅಂಗ್ಡೀಲಿ ತೊಳೆಯೋಕ್ ಬರಲ್ಲ, ಅದಕ್ಕೇ ಬಿಸಾಕು ಅಂತ ಕಲುಸ್ತಾರೆ" ಅನ್ನೋರು ಇವರು.

"ಹಂಗಾದ್ರೆ ತಾತ, ಹಲ್ಲೂ ಉಜ್ಕೊಂಡೇ ಇರ್ಬೋದಿತ್ತಲ್ಲ, ಯಾಕೆ ಹೊಸದು ಕಟ್ಟಿಸ್ಕೊಂಡ್ರಿ?" ಅನ್ನೋಳು ಅವಳು.

"ಅಜ್ಜಿ ಕಣ್ಣಾದ್ರೂ ನೋಡಿ ತಾತ," ಅಂತ ನನ್ನನ್ನೂ ಎಳೆಯೋಳು. ನನಗೆ ಎರಡು ವರ್ಷದ ಹಿಂದೆ ಪೊರೆ ತೆಗೆದು ಒಳಗೆ ಹೊಸ ಲೆನ್ಸ್ ಇಟ್ಟಿದ್ದರು. ಡಾಕ್ಟರಿಗೆ ನಾನು, "ಸ್ವಲ್ಪ ತೊಳೆದು ಬಿಟ್ಟರೆ ಸಾಕಪ್ಪ, ಬದಲಾಯಿಸೋದು ಬೇಡ" ಅಂತ ಕೈಮುಗಿದು ಕೇಳಿದ್ದೆ. ಬದಲಾಯಿಸಿ ಪಟ್ಟಿ ಬಿಚ್ಚಿದ ದಿನ ನಮ್ಮೆಜಮಾನರ ಮುಖ ನೋಡಿ, ಇಷ್ಟೊಂದು ಸುಕ್ಕು ಯಾವಾಗ ಬಂತು ಅಂತ ಬೆಚ್ಚಿದೆ. ಆಮೇಲೆ ಕನ್ನಡಿ ನೋಡಿಕೊಂಡು ಸುಮ್ಮನಾದೆ.

ಸರಿ, ಇವತ್ತಿನ ಭಾನುವಾರಕ್ಕೆ ಬಂದೆ.

ಹದಿನೈದು ದಿನದಿಂದ ಗಾಡಿ ಸತಾಯಿಸ್ತಿತ್ತು. ಸಾಸಿವೆ ಡಬ್ಬಿಯ ಪ್ಲಗ್ಗನ್ನೂ ಹಾಕಿ ನೋಡಿದ್ದಾಗಿತ್ತು. ನಿನ್ನೆ ಇವರು ಪ್ಲಗ್ಗು ಬಿಚ್ಚಿ ಕೊಟ್ಟಿದ್ದರು, ನಾನು ಗ್ಯಾಸ್ ಒಲೆಯ ಮೇಲೆ ಸುಟ್ಟು, ಉಜ್ಜಿ ಕೊಟ್ಟಿದ್ದೆ. ಬೆಳಿಗ್ಗೆ ಹಾಕಿ ಒದ್ದರು. ಬರಲಿಲ್ಲ. ವಾಲಿಸಿ ಒದ್ದರು. ಇಲ್ಲ. ಎದುರು ಮನೆಯ ಬಾಷಾ ಸಾಬ್ರು ತಮ್ಮ ಗೇಟಿಗೆ ಒರಗಿ ಟೀ ಕುಡೀತಾ ನೋಡ್ತಿದ್ರು. ಅವರದೂ ಒಂದು ಹಳೇ ಮೊಪೆಡ್ ಇದೆ. ಇಬ್ಬರೂ ಭಾನುವಾರದ ಜೊತೆಗಾರರು.

"ಏನ್ ನಂಜಪ್ಪಣ್ಣ, ಇವತ್ತು ಗಾಡಿಗೂ ರಜಾನಾ?"

"ನೀವ್ ಟೀ ಕುಡೀರಿ ಸಾಬ್ರೆ, ಇದು ನಮ್ಮಿಬ್ಬರ ವಿಷಯ."

ಪ್ಲಗ್ಗು ಬಿಚ್ಚಿ ನನ್ನ ಕೈಗೆ ಕೊಟ್ಟರು. ಈಗ ಎಲ್ಲಿ ಹಿಡಿಯಬೇಕು ಅಂತ ನನಗೆ ಗೊತ್ತು. ಕಿಕ್ ಮಾಡಿದರು. ನೀಲಿ ಕಿಡಿ ಚಟಚಟ ಬಂತು. ವಾಪಸ್ ಹಾಕಿ ಒದ್ದರು. ಇಲ್ಲ. ಮತ್ತೆ ಒದ್ದರು. ಉಸಿರು ಮೇಲೆ ಬಂದಿತ್ತು. ರಜೆಯಾದ್ದರಿಂದ ಮನೆಯಲ್ಲೇ ಇದ್ದ ಸಿಂಧು ಮೆಟ್ಟಿಲ ಮೇಲೆ ಕೂತು ಎಲ್ಲ ನೋಡ್ತಿದ್ದಳು. ಕೊನೆಗೆ ತಡೆಯೋಕಾಗದೆ ಎದ್ದು ಬಂದಳು.

"ತಾತ, ಸಾಕು ಕಣ್ರೀ, ಉಸಿರು ಕಟ್ತಿದೆ ನಿಮಗೆ. ಗಾಡಿ ಬಿಚ್ಚಲ್ಲ, ಆಣೆಗೂ ಬಿಚ್ಚಲ್ಲ. ಬರೀ ಪ್ಲಗ್ ನೋಡ್ತೀನಿ, ಕೊಡಿ."

ಸುಸ್ತಾಗಿತ್ತೋ ಏನೋ, ಬಿಚ್ಚಿ ಕೊಟ್ಟುಬಿಟ್ಟರು. ಅವಳು ಅದನ್ನ ನೈಟಿಯ ತುದಿಯಿಂದ ಒರೆಸಿ, ಸೂರ್ಯನ ಬೆಳಕಿಗೆ ಹಿಡಿದು, ಬೆರಳ ತುದಿಯಲ್ಲಿ ನಿಧಾನಕ್ಕೆ ತಿರುಗಿಸಿದಳು. ನನ್ನಪ್ಪ ಕುಡುಗೋಲಿನ ಬಾಯಿ ನೋಡ್ತಿದ್ದದ್ದು ಹೀಗೇ.

"ತಾತ, ಇಲ್ಲಿ ನೋಡಿ. ಪಿಂಗಾಣಿ ಸೀಳಿದೆ. ಕೂದಲೆಳೆ ಹಾಗಿದೆ ನೋಡಿ. ಹೊರಗಡೆ ಹಿಡಿದ್ರೆ ಕಿಡಿ ಬರುತ್ತೆ. ಒಳಗೆ ಒತ್ತಡ ಬಿತ್ತಂದ್ರೆ ಕರೆಂಟು ಈ ಸೀಳಲ್ಲೇ ಸೋರಿ ಹೋಗುತ್ತೆ. ಕೊಳೆಯಾದ್ರೆ ತೊಳೀಬೋದು, ನೀವ್ ಹೇಳೋದು ಸರೀನೇ. ಒಡೆದಿದ್ದನ್ನ ತೊಳೆದು ಏನ್ ಮಾಡ್ತೀರಾ?"

ಇವರು ಹತ್ತಿರ ಹಿಡಿದರು, ದೂರ ಹಿಡಿದರು. "ನಂಗೇನೂ ಕಾಣ್ತಿಲ್ಲ. ಲೇ, ನೀ ನೋಡು, ನಿಂದು ಒಸಾ ಕಣ್ಣು."

ನೋಡಿದೆ. ಇತ್ತು. ಬಿಳೀ ಪಿಂಗಾಣಿಯ ಮೇಲೆ ಮಸಿ ಕುಡಿದ ಒಂದು ಕಪ್ಪು ಗೆರೆ, ಹಳೇ ಟೀ ಕಪ್ಪಿನಲ್ಲಿ ಇರುತ್ತಲ್ಲ, ಹಾಗೆ. "ಹೂಂ ಕಣ್ರೀ, ಐತೆ" ಅಂದೆ.

"ನಿನ್ನೆ ನಾನ್ ಕೊಟ್ಟಾಗ ಇರ್ಲಿಲ್ಲ," ಅಂದರು. ಆಮೇಲೆ ಮೊಮ್ಮಗಳ ಕಡೆ ತಿರುಗಿ, "ನೀನೇ ಈಗ ಅಮುಕಿ ಸೀಳಿಸ್ದೆ. ಒಸದು ಆಕುಸ್ಬೇಕು ಅಂತ. ನಿಮ್ ಅಂಗ್ಡಿ ಬುದ್ಧಿ ಮನೆಗೂ ತಂದ್ಯಾ?"

ಬಾಷಾ ಸಾಬ್ರ ಟೀ ಲೋಟ ಬಾಯಿಯ ಹತ್ತಿರವೇ ನಿಂತಿತು. ಹುಡುಗಿಯ ಮುಖ ಕೆಂಪಾಯಿತು, ಕಣ್ಣು ತುಂಬಿತು, ಆದರೆ ದನಿ ಏರಿಸಲಿಲ್ಲ. "ಬೆರಳಲ್ಲಿ ಅಮುಕಿದ್ರೆ ಪಿಂಗಾಣಿ ಸೀಳಲ್ಲ ತಾತ. ಕೆಂಪಗೆ ಕಾದಿರುವಾಗ ತಣ್ಣೀರು ಬಿದ್ರೆ ಮಾತ್ರ ಹಿಂಗೆ ಸೀಳೋದು."

"ಗಾಡಿ ಇಂಜಿನ್ನೊಳಗೆ ತಣ್ಣೀರು ಯಾರಮ್ಮ ಉಯ್ತಾರೆ? ಸುಳ್ಳಿಗೂ ಒಂದು ಅಂದ ಬೇಡ್ವಾ?"

ಅಷ್ಟು ಹೊತ್ತಿಗೆ ನನ್ನ ಕಣ್ಣು ಅಡುಗೆಮನೆಯ ನಲ್ಲಿಯ ಕಡೆ ಹೋಗಿತ್ತು.

ನಿಮಗೆ ಒಂದು ಮಾತು ಹೇಳದೆ ಬಿಟ್ಟಿದ್ದೆ. ಬೇಕಂತ ಮುಚ್ಚಿಟ್ಟದ್ದಲ್ಲ. ಸಾರಿಗೆ ಒಂದು ಚೂರು ಬೆಲ್ಲ ಹಾಕ್ತೀವಿ, ಅದನ್ನ ಯಾರಿಗಾದರೂ ಹೇಳ್ತೀವಾ? ಒಲೆಯಿಂದ ಕೆಂಪಗೆ ಎತ್ತಿದ ಪ್ಲಗ್ಗನ್ನ ನಾನು ನೀರಿನ ಚೆಂಬಿಗೆ ಅದ್ದುತ್ತಿದ್ದೆ. ಮೊದಲ ದಿನದಿಂದ. ಕುಲುಮೆಯ ಮಗಳು ನಾನು, ಕಾದ ಕಬ್ಬಿಣ ನೀರು ಕುಡಿಯದೆ ಬಿಡೋದುಂಟಾ? ಚುಂಯ್ ಅಂದಾಗ ನನಗೊಂದು ತೃಪ್ತಿ. ಈಗ ಚೆಂಬು ಬಿಟ್ಟು ನಲ್ಲಿಯ ಕೆಳಗೆ ಹಿಡೀತೀನಿ, ಅಷ್ಟೇ ವ್ಯತ್ಯಾಸ. ನಿನ್ನೆಯೂ ಹಿಡಿದಿದ್ದೆ. ಸುಡೋದು ಎಲ್ಲರಿಗೂ ಗೊತ್ತು, ಅದ್ದೋದು ನನಗೊಬ್ಬಳಿಗೇ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಪಿಂಗಾಣಿ ಕಬ್ಬಿಣವಲ್ಲ ಅಂತ ನನಗೆ ಹೊಳೆದದ್ದು ಇವತ್ತು ಬೆಳಿಗ್ಗೆ, ಆ ಹುಡುಗಿಯ ಬಾಯಿಂದ.

ಅನ್ನ ಹತ್ತುತ್ತೆ ಅಂತ ಸುಳ್ಳು ಹೇಳಿ ಒಳಗೆ ಹೋದೆ. ಒಲೆಯ ಮುಂದೆ ನಿಂತೆ. ಇಷ್ಟು ವರ್ಷ ಆ ಮನುಷ್ಯ ನನ್ನನ್ನ ಹೊಗಳಿದ್ದು ಒಂದೇ ವಿಷಯಕ್ಕೆ, ಅದೂ ಹೋಗುತ್ತೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗಲ್ಲ. ಆದರೆ ಹೊರಗೆ ಆ ಮಗು ಮಾಡದ ತಪ್ಪಿಗೆ ಕಳ್ಳಿಯ ಹಾಗೆ ನಿಂತಿದೆ. ಇವತ್ತು ಅವಳ ಮಾತು ಸುಳ್ಳಾದರೆ ತಾತನ ಮುಂದೆ ಇನ್ನೆಂದೂ ಅವಳು ಸ್ಪ್ಯಾನರ್ ಮುಟ್ಟಲ್ಲ. ಅದು ನನಗೆ ಗೊತ್ತಿತ್ತು. ಗ್ಯಾಸ್ ಆರಿಸಿ ಹೊರಗೆ ಬಂದೆ.

"ತಣ್ಣೀರು ಉಯ್ದಿದ್ದು ನಾನು ಕಣ್ರೀ."

"ಎಲ್ಲಿಗೆ?"

"ಪ್ಲಗ್ಗಿಗೆ. ಸುಟ್ಟ ಮೇಲೆ. ನಮ್ಮಪ್ಪ ಕುಡುಗೋಲಿಗೆ ಮಾಡ್ತಿದ್ದ ಹಾಗೆ."

ಅವರು ನನ್ನನ್ನೇ ನೋಡಿದರು. "ನಿನ್ನೇನಾ?"

"ನಿನ್ನೇನೂ."

"ಅಂಗಂದ್ರೆ? ಎಷ್ಟ್ ವರ್ಷದಿಂದ?"

"ಗಾಡಿ ಬಂದಾಗಿಂದ."

ಗೇಟಿನ ಹತ್ತಿರ ಬಾಷಾ ಸಾಬ್ರು "ಯಾ ಅಲ್ಲಾ" ಅಂದರು. ಇವರು ಮೆಲ್ಲಗೆ ಮೆಟ್ಟಿಲ ಮೇಲೆ ಕೂತರು. ಬೆರಳು ಮಡಚಿ ಲೆಕ್ಕ ಹಾಕಿದರು. ಆಮೇಲೆ, "ರಾಜಾನುಕುಂಟೆ ಏರಲ್ಲಿ ಉಡುಗ್ರು ಬನ್ ತಿಂದಿದ್ದು?"

"ನಾನೇ ಇರ್ಬೇಕು."

"ಅಳ್ಳಾಳಸಂದ್ರ ಗೇಟಲ್ಲಿ ಮಳೇಲಿ ನಿಂತಿದ್ದು?"

"ಅದೂ ನಾನೇ."

"ನನ್ ತಂಗಿ ಮದ್ವೆಗೆ ಓಗೋವಾಗ ದಾರೀಲಿ ನಿಂತು ಮುಹೂರ್ತ ತಪ್ಪೋಗಿದ್ದು?"

"ಅದು ನೀವು ಪೆಟ್ರೋಲ್ ಹಾಕಿಸ್ದೆ ಹೊರಟಿದ್ದಕ್ಕೆ. ಅದನ್ನ ನನ್ ತಲೆಗೆ ಕಟ್ಟಬೇಡಿ."

ಮೊದಲು ನಕ್ಕದ್ದು ಸಿಂಧು. ಕಣ್ಣಲ್ಲಿ ನೀರಿಟ್ಟುಕೊಂಡೇ ಪಕ್ಕನೆ ನಕ್ಕಳು. ಆಮೇಲೆ ಇವರ ಹೊಟ್ಟೆ ಕುಲುಕೋಕೆ ಶುರುವಾಯಿತು. ಕಟ್ಟಿಸಿದ ಹಲ್ಲಿನ ಸೆಟ್ಟು ಜಾರಿ, ಅದನ್ನ ಒಂದು ಕೈಯಲ್ಲಿ ಹಿಡಿದುಕೊಂಡು ನಕ್ಕರು. "ಪೆಟ್ರೋಲ್ ಬಂಕಿನೋನ್ನ ಎಷ್ಟ್ ಬೈದಿದ್ದೀನಿ ಲೇ! ಪಾಪ, ಆ ಬೆಕ್ಕು!" ಅಂದರು. ಇಡೀ ಬೀದಿಗೆ ಕೇಳೋ ಹಾಗೆ ನಕ್ಕರು.

ನಗು ಇಳಿದ ಮೇಲೆ ಮೊಮ್ಮಗಳ ಕಡೆ ನೋಡಿದರು. ತಪ್ಪಾಯ್ತು ಅನ್ನೋ ಮಾತು ಅವರ ಬಾಯಲ್ಲಿ ನಾನು ಕೇಳಿಲ್ಲ, ಇವತ್ತೂ ಕೇಳಲಿಲ್ಲ. ಪ್ಲಗ್ಗು ಬಿಚ್ಚೋ ಆ ಹಳೇ ಸ್ಪ್ಯಾನರನ್ನ, ಹಿಡಿ ಸವೆದು ಅವರ ಅಂಗೈಯ ಆಕಾರವೇ ಬಂದಿದೆ ಅದಕ್ಕೆ, ಪಂಚೆಯಲ್ಲಿ ಒರೆಸಿ ಅವಳ ಮುಂದೆ ಚಾಚಿದರು. "ಒಸದು ಎಲ್ಲಿ ಸಿಗ್ತದೆ ಇವತ್ತು, ಭಾನುವಾರ?"

"ಇಲ್ಲೇ ಇದೆ ತಾತ."

ಓಡಿಹೋಗಿ ಕೆಲಸಕ್ಕೆ ಒಯ್ಯೋ ಬ್ಯಾಗು ತಂದಳು. ಟಿಫನ್ ಡಬ್ಬಿಯ ಪಕ್ಕ, ಮೂಲೆಗಳು ಮಾಸಿದ ಒಂದು ಪುಟ್ಟ ರಟ್ಟಿನ ಪೆಟ್ಟಿಗೆ. ಎರಡು ತಿಂಗಳಿಂದ ದಿನಾ ಹೊತ್ತುಕೊಂಡು ತಿರುಗಾಡ್ತಿದ್ದಳಂತೆ. ತಾತ ಯಾವತ್ತಾದರೂ ಹೂಂ ಅಂದರೆ ತಡವಾಗಬಾರದು ಅಂತ.

ಇವರು ಆ ಪೆಟ್ಟಿಗೆಯನ್ನ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಪಕ್ಕಕ್ಕೆ ಜರುಗಿ ಅವಳಿಗೆ ಜಾಗ ಬಿಟ್ಟರು.

ಅವಳು ಹೊಸ ಪ್ಲಗ್ಗಿನ ಸಂದಿಯನ್ನ ತನ್ನ ತೆಳ್ಳನೆಯ ಸ್ಟೀಲು ಪಟ್ಟಿಯಲ್ಲಿ ಅಳೆದಳು. ಇವರು ಜೇಬಿನಿಂದ ಯಾರದೋ ಮದುವೆ ಕರೆಯೋಲೆಯ ತುಂಡು ತೆಗೆದು, ಎರಡು ಮಡಿಕೆ ಮಾಡಿ, ಅದೇ ಸಂದಿಯಲ್ಲಿ ತೂರಿಸಿದರು. ಜೀವಮಾನವೆಲ್ಲ ಅವರು ಅಳೆದದ್ದು ಹಾಗೇ. ಬಿಗಿಯಾಗಿ ಕೂತಿತು, ಅವಳ ಪಟ್ಟಿ ಕೂತಷ್ಟೇ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಕಡೆ ಯಾರೂ ನೋಡಲಿಲ್ಲ. ನೋಡಿದ್ದರೆ ನಾನು ಸೆರಗಿನಲ್ಲಿ ಏನು ಮಾಡ್ತಿದ್ದೆ ಅಂತ ಕಾಣೋದು.

"ಕೈಯಲ್ಲೇ ತಿರುಪು ಮೊದ್ಲು, ಸ್ಪ್ಯಾನರು ಆಮೇಲೆ," ಅಂದರು ಇವರು.

"ಗೊತ್ತು ತಾತ."

"ಗೊತ್ತಿರ್ತದೆ. ಆದ್ರೂ ಏಳ್ತೀನಿ."

ಹಾಕಿದಳು. ನೀನೇ ಒದಿ ಅಂದರು. ಅವಳು ನೈಟಿಯ ಮೇಲೆ ಅವರ ಟವಲನ್ನೇ ಸೊಂಟಕ್ಕೆ ಬಿಗಿದು, ಒಂದು ಕಡೆ ವಾಲಿಸಿ, ನೆಟ್ಟಗೆ ಮಾಡಿ ಒದ್ದಳು. ಒಂದೇ ಒದೆ, ಸ್ವಾಮಿ! ಗಾಡಿ ಹಾಗೆ ಕೂಗಿದ್ದನ್ನ ನಾನು ಮಗ ಹುಟ್ಟಿದ ವರ್ಷದಿಂದ ಕೇಳಿರಲಿಲ್ಲ. ಬೀದಿಯೆಲ್ಲ ನೀಲಿ ಹೊಗೆ. ಇವರು ಹಿಂದಿನ ಸೀಟಿಗೆ ಹತ್ತಿದರು. ತಮ್ಮ ಗಾಡಿಯ ಹಿಂದಿನ ಸೀಟಿನಲ್ಲಿ ಅವರು ಹಿಂದೆಂದೂ ಕೂತವರಲ್ಲ. ಕಾಲು ಎಲ್ಲಿಡಬೇಕು, ಕೈ ಎಲ್ಲಿ ಹಿಡೀಬೇಕು ಗೊತ್ತಾಗದೆ, ಕೊನೆಗೆ ಹೊಸ ಮದುವಣಗಿತ್ತಿಯ ಹಾಗೆ ಅವಳ ಹೆಗಲ ಮೇಲೆ ಎರಡು ಬೆರಳು ಇಟ್ಟುಕೊಂಡು ಹೊರಟರು. ಮೂಲೆಯ ಅಂಗಡಿ ದಾಟಿ, ಕಣ್ಣಿಗೆ ಮರೆಯಾಗಿ, ನಾನು ಬಾಗಿಲಲ್ಲಿ ನಿಂತು ದಾರಿ ನೋಡಿ ನೋಡಿ ಸಾಕಾದ ಮೇಲೆ ವಾಪಸ್ ಬಂದರು. ಬೀದಿಯ ಕೊನೆ ಅಂತ ಹೋದವರು ಕೆರೆ ಏರಿಯವರೆಗೂ ಹೋಗಿದ್ದರಂತೆ.

ಇಳಿದವರು ಮನೆಯೊಳಗೆ ಬರಲಿಲ್ಲ. ನೇರ ಬಾಷಾ ಸಾಬ್ರ ಗೇಟಿಗೆ ಹೋದರು.

"ಸಾಬ್ರೆ, ನಿಮ್ ಮೊಪೆಡ್ಡು ಬೆಳಿಗ್ಗೆ ಬೆಳಿಗ್ಗೆ ಕೆಮ್ತದಲ್ಲ, ಬರೋ ಭಾನುವಾರ ತಂದು ನಮ್ಮ ಬಾಗ್ಲಿಗೆ ನಿಲ್ಸಿ. ನಮ್ ಸಿಂಧು ಮೆಕ್ಯಾನಿಕ್ಕು, ಗೊತ್ತಲ್ಲ? ಅವಳು ನೋಡ್ತಾಳೆ."

"ನೋಡ್ಲಿ ಅಣ್ಣ, ಬಹಳ ಸಂತೋಷ. ಆದ್ರೆ ನಮ್ದು ಪ್ಲಗ್ ಚೆನ್ನಾಗಿದೆ, ಸ್ವಲ್ಪ ತೊಳೆದು ಹಾಕಿದ್ರೆ..."

"ಅದೆಲ್ಲ ನೀವ್ ಏಳಂಗಿಲ್ಲ," ಅಂದರು ನಮ್ಮೆಜಮಾನರು. "ಅವಳು ತೊಳೀ ಅಂದ್ರೆ ತೊಳೀಬೇಕು, ಬದಲಾಯ್ಸು ಅಂದ್ರೆ ಬದಲಾಯ್ಸ್ಬೇಕು. ಮೆಕ್ಯಾನಿಕ್ ಅತ್ರ ವಾದ ಮಾಡಬಾರ್ದು ಸಾಬ್ರೆ."